ಹಿಡಿ ಇಲ್ಲದ ಭಾರ

ಐವತ್ತು ದಾಟುವವರೆಗೆ ನಾನು ಎತ್ತಿದ ದೊಡ್ಡ ಭಾರವೆಂದರೆ ಹತ್ತು ಕೇಜಿ ಅಕ್ಕಿಯ ಚೀಲ, ಅದೂ ಅಂಗಡಿಯ ಬಾಗಿಲಿನಿಂದ ಸ್ಕೂಟರಿನವರೆಗೆ. ಸಿಲಿಂಡರ್ ಉರುಳಿಸುವುದು, ಬೀರು ಸರಿಸುವುದು, ಅಟ್ಟದ ಮೇಲಿನ ಪಾತ್ರೆ ಇಳಿಸುವುದು ಎಲ್ಲವೂ ಅಕ್ಕನ ಕೆಲಸ. ಅವಳು ಕಂಟೋನ್ಮೆಂಟಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಪಿ.ಟಿ. ಮಿಸ್ ಆಗಿದ್ದವಳು. ನಾನು ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೂತು ಗಾಜು ಒರೆಸಿ, ಸ್ಕ್ರೂ ಬಿಗಿದು, ಜನರ ಮೂಗಿಗೆ ಫ್ರೇಮು ಹೊಂದಿಸುವವಳು. ನನ್ನ ಕೆಲಸಕ್ಕೆ ಬೇಕಾದದ್ದು ಎರಡು ಬೆರಳು, ಒಂದಿಷ್ಟು ತಾಳ್ಮೆ. ತಾಳ್ಮೆ ಅಂಗಡಿಯಲ್ಲೇ ಖರ್ಚಾಗಿ ಮನೆಗೆ ಬರುವಾಗ ಏನೂ ಉಳಿದಿರುತ್ತಿರಲಿಲ್ಲ ಎಂದು ಅಕ್ಕ ಹಂಗಿಸುತ್ತಿದ್ದಳು. ಸುಳ್ಳೇನಲ್ಲ.

ನಾವಿಬ್ಬರೂ ಮದುವೆಯಾಗಲಿಲ್ಲ. ಹಲಸೂರಿನ ಒಂದು ಸಂದಿಯಲ್ಲಿ ಅಪ್ಪ ಕಟ್ಟಿಸಿದ ಪುಟ್ಟ ಮನೆಯಲ್ಲಿ ಇಬ್ಬರೇ ಇದ್ದೆವು, ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು. ಅಕ್ಕ ನಿವೃತ್ತಿಯಾದ ಮರುವರ್ಷ ಒಂದು ಬೆಳಿಗ್ಗೆ ಕಾಫಿ ಲೋಟ ಅವಳ ಎಡಗೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಮತ್ತೆ ತಾನಾಗಿ ಏಳಲಿಲ್ಲ. ಸ್ಟ್ರೋಕ್ ಅಂದರು. ಮಾತು ಉಳಿಯಿತು, ಬುದ್ಧಿ ಉಳಿಯಿತು, ಕೋಪವೂ ಪೂರ್ತಿ ಉಳಿಯಿತು. ಹೋದದ್ದು ಎಡಭಾಗ. ಕೈಗೆ ಬಲವೂ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಅಷ್ಟಕ್ಕಷ್ಟೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ತಿಂಗಳಲ್ಲೇ ಅವಳು ಕಮೋಡಿನಿಂದ ಜಾರಿ ನೆಲಕ್ಕೆ ಬಂದಳು. ನಾನು ಹಿಂದೆಮುಂದೆ ನೋಡದೆ ಪಕ್ಕದ ಮನೆಗೆ ಓಡಿದೆ. ಅಲ್ಲಿ ತಮಿಳು ಮಾತನಾಡುವ ಒಬ್ಬ ಹೆಂಗಸು, ಆಕೆಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಗಾಡಿ ರಿಪೇರಿ ಮಾಡುವವರು. ಕೈಯಲ್ಲಿದ್ದ ತಟ್ಟೆ ಬಿಟ್ಟು ಬಂದರು. ಪಾಪ, ಒಬ್ಬ ಸೂರು ನೋಡುತ್ತ, ಇನ್ನೊಬ್ಬ ಗೋಡೆ ನೋಡುತ್ತ ಅಕ್ಕನನ್ನು ಎತ್ತಿ ಮಂಚಕ್ಕೆ ತಂದು ಮಲಗಿಸಿದರು. ಅಕ್ಕನ ನೈಟಿ ಸೊಂಟದವರೆಗೆ ಮೇಲೇರಿತ್ತು. ಅದನ್ನು ಎಳೆದು ಸರಿ ಮಾಡಬೇಕು ಎಂದು ನನಗೆ ಹೊಳೆದದ್ದು ಅವರು ಹೋದ ಮೇಲೆ.

ಅಕ್ಕ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಊಟ ಬಡಿಸುವಾಗ ನನ್ನ ಕೈ ಹಿಡಿದುಕೊಂಡಳು.

"ಆ ಹುಡುಗ್ರು ನಮ್ ಸ್ಕೂಲ್ ಗ್ರೌಂಡ್ ಹೊರಗೆ ನಿಂತು ಸ್ಪೋರ್ಟ್ಸ್ ಡೇ ನೋಡ್ತಿದ್ರು ಕಣೇ, ಚಿಕ್ಕವ್ರಿದ್ದಾಗ. ನಾನು ವಿಷಲ್ ಊದಿ ಓಡಿಸ್ತಿದ್ದೆ," ಅಂದಳು. "ನನ್ನನ್ನ ಇನ್ನೊಂದ್ ಸಲ ಹಂಗೆ ಯಾರ್ಗೂ ತೋರಿಸ್ಬೇಡ. ಸತ್ತರೂ ಚಿಂತೆ ಇಲ್ಲ, ಕರೀಬೇಡ. ನನ್ ಮೇಲೆ ಆಣೆ."

ಕರೆಯುವುದಿಲ್ಲ ಎಂದು ಅವಳ ತಲೆ ಮುಟ್ಟಿ ಹೇಳಿದೆ. ಹೇಳುವುದೇನು ಕಷ್ಟ! ಅವಳ ತೂಕ ಆಗ ಅರವತ್ತರ ಆಸುಪಾಸು, ನನ್ನದು ನಲವತ್ತೆಂಟು. ವಾರದ ದಿನಗಳಲ್ಲಿ ಕೆ.ಆರ್. ಪುರದಿಂದ ಒಬ್ಬಾಕೆ ಬೆಳಿಗ್ಗೆ ಏಳೂವರೆಗೆ ಬಂದು ಸ್ನಾನ ಮಾಡಿಸಿ, ನಾನು ಅಂಗಡಿಯಿಂದ ಬರುವವರೆಗೂ ಇರುತ್ತಿದ್ದಳು. ಗಟ್ಟಿಗಿತ್ತಿ, ಅಕ್ಕನನ್ನು ಸೊಂಟಕ್ಕೆ ಆನಿಸಿಕೊಂಡು ಎಬ್ಬಿಸಿಬಿಡುತ್ತಿದ್ದಳು. ಭಾನುವಾರ ಆಕೆಗೆ ರಜ. ಹಾಗಾಗಿ ಶನಿವಾರ ಸಂಜೆ ಆಯಿತೆಂದರೆ ನನಗೆ ಒಂದೇ ಯೋಚನೆ. ನಾಳೆ ಅಕ್ಕ ಬಿದ್ದರೆ? ನಾನೊಬ್ಬಳೇ ಎತ್ತಬೇಕು. ಎತ್ತಲು ನನ್ನ ಕೈಲಾಗುವುದಿಲ್ಲ. ಯಾರನ್ನೂ ಕರೆಯುವ ಹಾಗಿಲ್ಲ.

ಆ ದಿನಗಳಲ್ಲೇ ಅಂಗಡಿಗೆ ಒಬ್ಬಾಕೆ ಮುರಿದ ಕನ್ನಡಕ ಹಿಡಿದು ಬಂದಳು. ಮೂವತ್ತೈದು ವಯಸ್ಸಿರಬಹುದು, ಬುರ್ಖಾ ಹಾಕಿದ್ದಳು. ಫ್ರೇಮು ತೋರಿಸಲು ತೋಳು ಸ್ವಲ್ಪ ಮೇಲೆ ಸರಿಸಿದಾಗ ಮುಂಗೈ ಕಂಡಿತು. ಹಾಗೆ ನರ ಎದ್ದ, ಗಟ್ಟಿಯಾದ ಮುಂಗೈಯನ್ನು ಹೆಂಗಸರಲ್ಲಿ ನಾನು ನೋಡಿದ್ದೇ ಇಲ್ಲ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಕೆಟಲ್‌ಬೆಲ್ ಆಂಟಿ," ಎಂದು ನಕ್ಕಳು. "ರಿಚರ್ಡ್ಸ್ ಟೌನಲ್ಲಿ ನಂದೊಂದು ಚಿಕ್ಕ ಜಿಮ್ ಇದೆ. ಬೆಳಿಗ್ಗೆ ಆರಕ್ಕೆ ಲೇಡೀಸ್ ಬ್ಯಾಚು. ಬನ್ನಿ ಒಂದ್ ದಿನ. ಏನ್ ಪ್ರಾಬ್ಲಮ್ ನಿಮ್ಗೆ? ಬೆನ್ನು? ಮಂಡಿ?"

"ಬೆನ್ನು," ಎಂದು ಸುಳ್ಳು ಹೇಳಿದೆ. ಅಕ್ಕನ ಸ್ಥಿತಿಯನ್ನು ಹೊರಗೆ ಯಾರಿಗೂ ಹೇಳಕೂಡದು ಎಂಬುದು ಅವಳ ಇನ್ನೊಂದು ಕಟ್ಟಪ್ಪಣೆ. ಆ ಸುಳ್ಳು ಹೇಳದೆ ಹೋಗಿದ್ದರೆ ಎಂದು ಈಗ ದಿನಕ್ಕೆ ನಾಲ್ಕು ಸಲ ಅಂದುಕೊಳ್ಳುತ್ತೇನೆ.

ಜಿಮ್ ಎಂದರೆ ಹಳೆಯ ಕಾರ್ ಶೆಡ್ಡು. ಒಳಗೆ ಕಪ್ಪು ರಬ್ಬರ್ ಹಾಸು, ಗೋಡೆಯ ಮೊಳೆಗಳಲ್ಲಿ ನಾಲ್ಕೈದು ಬುರ್ಖಾ, ಒಂದೆರಡು ದುಪಟ್ಟಾ, ಕೆಳಗೆ ಸಾಲಾಗಿ ಬೆಲ್‌ಗಳು. ಕಬ್ಬಿಣದ ಗುಂಡು, ಮೇಲೊಂದು ಹಿಡಿ, ಅಷ್ಟೇ. ಗುಲಾಬಿ ಬಣ್ಣದ್ದು ಎಂಟು ಕೇಜಿ, ನೀಲಿ ಹನ್ನೆರಡು, ಹಳದಿ ಹದಿನಾರು. ನಾವು ಏಳೆಂಟು ಹೆಂಗಸರು. ಕೋಚ್ ಹೇಳಿಕೊಡುತ್ತಿದ್ದದ್ದು ಮುಖ್ಯವಾಗಿ ಒಂದೇ ವಿದ್ಯೆ, ಸ್ನ್ಯಾಚ್. ಬೆಲ್ಲನ್ನು ಒಂದೇ ಕೈಯಲ್ಲಿ ಹಿಡಿದು, ಎರಡು ಕಾಲಿನ ನಡುವೆ ಹಿಂದಕ್ಕೆ ತೂಗಿ, ಒಂದೇ ಏಟಿಗೆ ನೆತ್ತಿಯ ಮೇಲಕ್ಕೆ ಒಯ್ಯಬೇಕು. ನಡುವೆ ಎಲ್ಲೂ ನಿಲ್ಲುವಂತಿಲ್ಲ. ಮೇಲೆ ಹೋದಾಗ ತೋಳು ನೆಟ್ಟಗೆ, ಉಸಿರು ಹೊರಗೆ. ಮತ್ತೆ ಕೆಳಕ್ಕೆ, ಮತ್ತೆ ಮೇಲಕ್ಕೆ.

ಮೊದಲ ವಾರ ಗುಲಾಬಿ ಬೆಲ್ ನನ್ನ ಮುಂಗೈಗೆ ಬಡಿದು ಬಡಿದು ನೀಲಿ ಕಲೆಗಳಾದವು. ತೋಳಿನಿಂದ ಎತ್ತಲು ಹೋಗುತ್ತಿದ್ದೆ.

"ಅರೆ ಆಂಟಿ, ಕೈಗೆ ಯಾಕೆ ಅಷ್ಟ್ ಕೆಲ್ಸ ಕೊಡ್ತೀರಾ?" ಎಂದು ಕೋಚ್ ನನ್ನ ಸೊಂಟಕ್ಕೆ ಒಂದೇಟು ಕೊಡುತ್ತಿದ್ದಳು. "ಕೈ ಬರೀ ಹಗ್ಗ. ಎತ್ತೋದು ಇದು, ಸೊಂಟ! ಹೊಡೀರಿ!"

ಅವಳದ್ದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಬೆಲ್ ಒಂದು ಸಲ ನೆಲ ಬಿಟ್ಟರೆ ಹೊತ್ತು ಮುಗಿಯುವವರೆಗೆ ನೆಲ ಮುಟ್ಟಬಾರದು. ಸ್ಪರ್ಧೆಗಳಲ್ಲಿ ಹಾಗೇ ಅಂತೆ: ಹತ್ತು ನಿಮಿಷ, ಕೈ ಬದಲಿಸಲು ಒಂದೇ ಅವಕಾಶ, ಇಳಿಸಿದರೆ ಅಲ್ಲಿಗೆ ಆಟ ಮುಗಿಯಿತು. ದಣಿವಾದರೆ ತಲೆಯ ಮೇಲೆ ಹಿಡಿದುಕೊಂಡೇ ಸುಧಾರಿಸಿಕೊಳ್ಳಬೇಕು. ನಮ್ಮಲ್ಲಿ ಯಾರಾದರೂ ಇಳಿಸುವ ಹಾಗೆ ಕಂಡರೆ ಸಾಕು, ಶೆಡ್ಡಿನ ಆ ಕೊನೆಯಿಂದ "ನಕ್ಕೋ! ನಕ್ಕೋ!" ಎಂದು ಕೂಗುತ್ತಿದ್ದಳು. ಬೇಡ, ಇಡಬೇಡ ಎಂದು. ಆ ಕೂಗು ಕೇಳಿದರೆ ಕೈ ತಾನಾಗಿ ಬಿಗಿಯಾಗುತ್ತಿತ್ತು. ಕೊನೆಕೊನೆಗೆ ಅವಳು ಕೂಗದಿದ್ದರೂ ಕೇಳಿಸುತ್ತಿತ್ತು.

ಮನೆಯಲ್ಲಿ ಅಕ್ಕನಿಗೆ ಹೇಳಿದೆ, ಜಿಮ್‌ಗೆ ಸೇರಿದ್ದೇನೆ ಎಂದು. ಯಾಕೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆದರೆ ಅವತ್ತಿನಿಂದ ಅವಳಿಗೆ ಜೀವ ಬಂದಂತಾಯಿತು. ಒಂದು ಗುಲಾಬಿ ಬೆಲ್ ತರಿಸಿಕೊಂಡು ಸಂಜೆ ಅಂಗಳದಲ್ಲಿ ಮಾಡಬೇಕೆಂದು ಹಟ ಹಿಡಿದಳು. ಗಾಲಿಕುರ್ಚಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಅವಳು ಕೂರುವುದು, ನಾನು ನೈಟಿ ಬದಲಿಸಿ ಟ್ರ್ಯಾಕ್ ಪ್ಯಾಂಟ್ ಹಾಕಿ ಎದುರು ನಿಲ್ಲುವುದು. ಕೆಟಲ್‌ಬೆಲ್ಲನ್ನು ಅವಳು ಆಯುಷ್ಯದಲ್ಲಿ ಮುಟ್ಟಿದವಳಲ್ಲ. ಅದಕ್ಕೇನಂತೆ, ಎರಡೇ ದಿನದಲ್ಲಿ ಕೋಚ್‌ಗಿಂತ ದೊಡ್ಡ ಕೋಚ್ ಆದಳು.

"ಗದ್ದ ಮೇಲೆ! ಬೆನ್ನು ಗೂನು ಮಾಡ್ಬೇಡ! ಏನೇ ಅದು, ಬಾವಿಂದ ನೀರ್ ಸೇದೋ ಹಂಗೆ! ಮತ್ತೆ ಮಾಡು!"

ಅದೇ ತಿಂಗಳುಗಳಲ್ಲಿ ಅವಳ ಎಡಗೈ ಬೆರಳುಗಳೂ ಅಲುಗಲು ಶುರುವಾದವು. ವಾರಕ್ಕೆರಡು ಸಲ ಮನೆಗೆ ಬರುತ್ತಿದ್ದ ಫಿಸಿಯೋಗೆ ನಮಗಿಂತ ಹೆಚ್ಚು ಖುಷಿ. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು, ಆಮೇಲೆ ನಡುಬೆರಳು. ಒಂದು ದಿನ ಅಕ್ಕ ಒದ್ದೆ ಕೈಟವೆಲಿನ ಒಂದು ತುದಿಯನ್ನು ಆ ಮೂರು ಬೆರಳಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಬಲಗೈಯಲ್ಲಿ ತಿರುಚಿ, ನೀರು ಹಿಂಡಿದಳು. ನಾಲ್ಕು ಹನಿ ಬಿದ್ದಿರಬಹುದು. ಇಬ್ಬರೂ ಆ ನಾಲ್ಕು ಹನಿಯನ್ನು ನೋಡುತ್ತ ಕೂತಿದ್ದೆವು. ಫಿಸಿಯೋ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು: "ಏನಾದ್ರೂ ಆಗ್ಲಿ ಮೇಡಂ, ಎಡಗೈ ಹಿಡಿದು ಮಾತ್ರ ಎಳೀಬೇಡಿ. ಆ ಭುಜನ ಹಿಡಿದಿಟ್ಕೊಳ್ಳೋಕೆ ಒಳಗೆ ಶಕ್ತಿ ಇಲ್ಲ. ಕಳಚ್ಕೊಂಬಿಡುತ್ತೆ." ಅದನ್ನು ಕೆಂಪು ಪೆನ್ನಿನಲ್ಲಿ ಬರೆದು ಬೀರುವಿಗೆ ಅಂಟಿಸಿಯೂ ಹೋಗಿದ್ದ. ನಾನು ಅದನ್ನು ದಿನಾ ಓದುತ್ತಿದ್ದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಜಿಮ್‌ಗೆ ಸೇರಿದ್ದು ಅಕ್ಕನಿಗಾಗಿಯೇ. ಆದರೆ ನಾಲ್ಕೈದು ತಿಂಗಳಾದ ಮೇಲೆ ಅದು ನನ್ನ ಸ್ವಂತ ಹುಚ್ಚಾಯಿತು. ರವಿಕೆಯ ತೋಳು ಬಿಗಿಯಾಗಿ ದರ್ಜಿಯ ಬಳಿ ಹೊಲಿಗೆ ಬಿಚ್ಚಿಸಿದಾಗ ನನಗಾದ ಹೆಮ್ಮೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಅಂಗೈಯ ಜಡ್ಡುಗಳನ್ನು ಹಿಮ್ಮಡಿ ಉಜ್ಜುವ ಕಲ್ಲಿನಿಂದ ಉಜ್ಜುತ್ತ ಅವನ್ನೇ ನೋಡುತ್ತ ಕೂರುತ್ತಿದ್ದೆ. ಅಂಗಡಿಯಲ್ಲಿ ಗಾಜು ಕತ್ತರಿಸುವವನಿಗೆ ಕೈ ಮಡಚಿ ತೋರಿಸಿದ್ದೂ ಉಂಟು. ಜೀವನವಿಡೀ ಸಣ್ಣ ಸಣ್ಣ ಸ್ಕ್ರೂ ತಿರುಗಿಸಿದವಳಿಗೆ ಹನ್ನೆರಡು ಕೇಜಿ ಕಬ್ಬಿಣ ತಲೆಯ ಮೇಲೆ ನಿಂತರೆ ತಲೆ ತಿರುಗದೆ ಇರುತ್ತದೆಯೇ?

ಅಕ್ಕನನ್ನು ಎತ್ತುವುದನ್ನು ಒಂದೇ ಒಂದು ಸಲವೂ ಅಭ್ಯಾಸ ಮಾಡಿ ನೋಡಲಿಲ್ಲ. ಬೆಲ್ ಏರಿದ ಹಾಗೆ ಅಕ್ಕನೂ ಏರುತ್ತಾಳೆ ಎಂದು ನನ್ನ ಲೆಕ್ಕ. ಶಕ್ತಿ ಬಂದರಾಯಿತು, ಬೇಕಾದಾಗ ಬೇಕಾದ ಕಡೆ ಉಪಯೋಗಿಸಿದರಾಯಿತು ಎಂದುಕೊಂಡಿದ್ದೆ.

ತಿಂಗಳ ಕೊನೆಯ ಶನಿವಾರ ಕೋಚ್ ಪರೀಕ್ಷೆ ಇಡುತ್ತಿದ್ದಳು. ಆ ಶನಿವಾರ ನಾನು ನೀಲಿ ಬೆಲ್ಲಿನಲ್ಲಿ ಹತ್ತು ನಿಮಿಷ ಪೂರ್ತಿ ಮಾಡಿದೆ. ಏಳನೆಯ ನಿಮಿಷಕ್ಕೆ ಅಂಗೈ ಜಡ್ಡು ಕಿತ್ತು ರಕ್ತ ಬಂತು, ಆದರೂ ಇಳಿಸಲಿಲ್ಲ. ಮುಗಿದಾಗ ಬ್ಯಾಚಿನವರೆಲ್ಲ ಚಪ್ಪಾಳೆ ತಟ್ಟಿದರು. ಕೋಚ್ ನನ್ನನ್ನು ತಬ್ಬಿಕೊಂಡು, "ಆಂಟಿ, ನೀವು ಶೇರ್ನಿ!" ಅಂದಳು. ಹೆಣ್ಣು ಸಿಂಹವಂತೆ. ಸ್ಕೂಟರಿನಲ್ಲಿ ಹಲಸೂರು ಕೆರೆಯ ಪಕ್ಕ ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ. ಅಕ್ಕನಿಗೆ ಹೇಳಿದರೆ ಅವಳು ಬಲಗೈಯಿಂದ ತೊಡೆ ತಟ್ಟಿ ತಟ್ಟಿ ಚಪ್ಪಾಳೆಯ ಸದ್ದು ಮಾಡಿದಳು.

ಮರುದಿನ ಭಾನುವಾರ. ಹನ್ನೊಂದರ ಹೊತ್ತಿಗೆ ಅಕ್ಕನನ್ನು ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಬೆನ್ನಿಗೆ ಸೋಪು ಹಚ್ಚಿದೆ. ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಯಿತು. "ಅಲ್ಲಾಡ್ಬೇಡ, ಬಂದೆ," ಎಂದು ಹೋದೆ. ಒಲೆ ಆರಿಸಿ ಬರುವಷ್ಟರಲ್ಲಿ ಸದ್ದಾಯಿತು. ಅವಳು ಬಲಗೈಯಲ್ಲಿ ಮಗ್ ಎಟುಕಿಸಿಕೊಳ್ಳಲು ಬಾಗಿದ್ದಾಳೆ, ಸ್ಟೂಲ್ ಜಾರಿದೆ. ಕಮೋಡಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬಲಮಗ್ಗುಲಾಗಿ ಬಿದ್ದಿದ್ದಳು. ಬಲಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಮೈಯೆಲ್ಲ ಸೋಪು, ಮೇಲೆ ಒಂದು ನೂಲೂ ಇಲ್ಲ.

ತಲೆಗೆ ಏಟಾಗಿರಲಿಲ್ಲ. ಅದು ಖಾತ್ರಿಯಾದ ಮೇಲೆ ನನಗೆ ಧೈರ್ಯವೇ ಬಂತು. ಇದಕ್ಕೇ ಅಲ್ಲವೇ ಇಷ್ಟು ತಿಂಗಳು ಬೆವರು ಸುರಿಸಿದ್ದು?

ಕಂಕುಳಿಗೆ ಕೈ ಹಾಕಿದೆ. ಜಾರಿತು. ಟವೆಲ್ಲಿನಿಂದ ಒರೆಸಿ ಮತ್ತೆ ಹಾಕಿದೆ. ಅವಳ ಹಿಂದೆ ಹೋಗಿ ನಿಲ್ಲಲು ಜಾಗವಿಲ್ಲ. ಮುಂದೆ ಕೂತರೆ ನನ್ನ ಮಂಡಿಯೇ ಅವಳಿಗೆ ಅಡ್ಡ. ಎದೆಯ ಸುತ್ತ ತಬ್ಬಿ ಎಳೆದೆ, ಗೇಣಷ್ಟು ಎದ್ದಳು, ಮತ್ತೆ ಜಾರಿ ಸಂದಿಗೇ ಇಳಿದಳು. ಮಂಚದ ಮೇಲಿನ ಬೆಡ್‌ಶೀಟ್ ತಂದು ಅವಳ ಕೆಳಗೆ ತೂರಿಸಲು ನೋಡಿದೆ. ಅದು ಒದ್ದೆಯಾಗಿ ಮುದ್ದೆಯಾಯಿತೇ ಹೊರತು ಒಳಗೆ ಹೋಗಲಿಲ್ಲ. ಹತ್ತು ನಿಮಿಷ ಬೆಲ್ ಇಳಿಸದವಳು ಐದೇ ನಿಮಿಷಕ್ಕೆ ಏದುಸಿರು ಬಿಡುತ್ತಿದ್ದೆ. ಕಬ್ಬಿಣಕ್ಕೆ ಹಿಡಿ ಇರುತ್ತದೆ. ಮನುಷ್ಯರಿಗೆ ಎಲ್ಲಿ ಹಿಡಿಯುವುದು? ಎಲ್ಲಿ ಹಿಡಿದರೂ ಅವಳು ಬೇರೊಂದು ಕಡೆಯಿಂದ ಜಾರುತ್ತಿದ್ದಳು.

ಪಕ್ಕದ ಮನೆಯಲ್ಲಿ ಟಿವಿಯ ಸದ್ದು ಕೇಳುತ್ತಿತ್ತು. ಹುಡುಗರಿಬ್ಬರೂ ಮನೆಯಲ್ಲೇ ಇದ್ದರು. ಒಂದು ಕೂಗು ಹಾಕಿದರೆ ಸಾಕು.

"ಅಕ್ಕ, ಆಗ್ತಾ ಇಲ್ಲ. ಮೇಲೆ ಬೆಡ್‌ಶೀಟ್ ಹೊದಿಸ್ತೀನಿ, ಪೂರ್ತಿ ಮುಚ್ಚಿ ಬಿಡ್ತೀನಿ. ಕರೀತೀನಿ."

"ಬೇಡ."

"ನಡುಗ್ತಿದ್ದೀಯ ನೀನು."

"ಬೇಡ ಅಂದ್ನಲ್ಲ! ಆಣೆ ಹಾಕಿದ್ದೀಯ!"

ಇಪ್ಪತ್ತು ನಿಮಿಷವಾಗಿತ್ತು. ಅವಳ ತುಟಿ ಬಣ್ಣಗೆಟ್ಟಿತ್ತು. ನಾನು ಎದ್ದು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಹಿಂದಿನಿಂದ ಒಂದು ಸದ್ದು ಬಂತು. ತಿರುಗಿ ನೋಡಿದರೆ ಅಕ್ಕ ಅಳುತ್ತಿದ್ದಳು. ಅಪ್ಪ ಹೋದಾಗ ಅಳದವಳು, ಸ್ಟ್ರೋಕ್ ಆದಾಗ ಅಳದವಳು, ಬಚ್ಚಲ ನೆಲದಲ್ಲಿ ಮುಖ ಗೋಡೆಗೆ ಒತ್ತಿಕೊಂಡು ಅಳುತ್ತಿದ್ದಳು. "ನೀನೇ ಎತ್ತೇ, ನಿನ್ ಕೈಲಾಗುತ್ತೆ, ನಾನ್ ನೋಡಿದ್ದೀನಲ್ಲ," ಎನ್ನುತ್ತಿದ್ದಳು.

ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ಇದು ನೆಪವಲ್ಲ, ನಡೆದದ್ದೇ ಹಾಗೆ. ಅವಳ ತೊಡೆಗಳ ಎರಡೂ ಕಡೆ ಕಾಲು ಅಗಲಿಸಿ ನಿಂತೆ, ದಿನಾ ಬೆಲ್ಲಿನ ಮೇಲೆ ನಿಲ್ಲುವ ಹಾಗೆ. ಬಲಗೈ ಮೈ ಕೆಳಗಿತ್ತು, ಮೇಲಿದ್ದದ್ದು ಎಡಗೈ. ಮಣಿಕಟ್ಟು ನನ್ನ ಮುಷ್ಟಿಗೆ ಸರಿಯಾಗಿ ಸಿಕ್ಕಿತು, ಅಷ್ಟು ಹೊತ್ತಿನಲ್ಲಿ ಜಾರದೆ ಸಿಕ್ಕ ಮೊದಲ ಹಿಡಿತ ಅದು. ಬೆನ್ನು ನೆಟ್ಟಗಾಯಿತು, ಉಸಿರು ಒಳಗೆ ಹೋಯಿತು, ಸೊಂಟ ತಾನು ಕಲಿತದ್ದನ್ನು ಮಾಡಿತು. ಅಕ್ಕನೂ ಬಲಗಾಲನ್ನು ಗೋಡೆಗೆ ಒದ್ದಳು. ಅವಳು ಎದ್ದಳು.

ಅರ್ಧಕ್ಕೆ ಬಂದಾಗ ನನ್ನ ಅಂಗೈಗೆ ಏನೋ ಗೊತ್ತಾಯಿತು. ಕಿವಿಗೆ ಕೇಳಿಸಲಿಲ್ಲ. ಅವಳ ತೋಳು ಇದ್ದಕ್ಕಿದ್ದಂತೆ ಒಂದು ಬೆರಳಷ್ಟು ಉದ್ದವಾದಂತೆ, ಆ ಕಡೆಯ ಬಿಗಿ ಸಡಿಲಿದಂತೆ ಆಯಿತು. ಆ ಕ್ಷಣ ಇಳಿಸಬಹುದಿತ್ತು. ಮೆಲ್ಲಗೆ ನೆಲಕ್ಕೆ ಬಿಟ್ಟು, ಬೆಡ್‌ಶೀಟ್ ಹೊದಿಸಿ, ಹೋಗಿ ಕರೆಯಬಹುದಿತ್ತು. ಗೊತ್ತಾಗಿಯೂ ನಾನು ಇಳಿಸಲಿಲ್ಲ. ಮೈಗೆ ಇಳಿಸುವುದು ಮರೆತೇಹೋಗಿತ್ತು. ಇನ್ನೂ ಜೋರಾಗಿ ಎಳೆದು, ಎಡಗಾಲಿನಿಂದ ಸ್ಟೂಲನ್ನು ಹತ್ತಿರ ಸರಿಸಿ, ಅದರ ಮೇಲೆ ಅವಳನ್ನು ಕೂರಿಸಿಬಿಟ್ಟೆ.

ಅಕ್ಕ ನನ್ನ ಹೊಟ್ಟೆಗೆ ಹಣೆಯಾನಿಸಿಕೊಂಡು, "ಭೇಷ್!" ಅಂದಳು. ಅಳುತ್ತಲೇ ನಗುತ್ತಿದ್ದಳು. "ಭೇಷ್ ಕಣೇ, ಭೇಷ್!" ಮೂವತ್ತು ವರ್ಷ ಅವಳ ಶಾಲೆಯ ಹುಡುಗಿಯರು ಕಾದು ಕೂತು ಕೇಳಿಸಿಕೊಳ್ಳುತ್ತಿದ್ದ ಮಾತು ಅದು.

ಬಿಸಿನೀರು ಸುರಿದೆ, ಒರೆಸಿದೆ, ನೈಟಿ ಹಾಕಿಸುವಾಗ ನೋಡಿದೆ. ಎಡಭುಜದ ಮೂಳೆಯ ಕೆಳಗೆ ಒಂದು ಗುಳಿ ಬಿದ್ದಿತ್ತು, ಎರಡು ಬೆರಳು ಇಡುವಷ್ಟು. ತೋಳು ನೇತಾಡುತ್ತಿತ್ತು. ಅಕ್ಕನಿಗೆ ನೋವು ಗೊತ್ತಾಗಲಿಲ್ಲ, ಆಗ. ಗೊತ್ತಾಗಿದ್ದರೆ ಚೀರಿಕೊಳ್ಳುತ್ತಿದ್ದಳು, ನಾನು ನಿಲ್ಲಿಸುತ್ತಿದ್ದೆ. ಬೀರುವಿನ ಮೇಲಿನ ಕೆಂಪು ಅಕ್ಷರಗಳ ಕಡೆ ನಾನು ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದು ಕೇಳಿದರು: "ಬಿದ್ದಿದ್ದಾ? ಇಲ್ಲಾ ಯಾರಾದ್ರೂ ಎಳೆದ್ರಾ?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಅಷ್ಟರಲ್ಲಿ ಅಕ್ಕ ಶುರು ಮಾಡಿದಳು: "ಬಿದ್ದೆ ಡಾಕ್ಟ್ರೇ, ಬಾತ್‌ರೂಮಲ್ಲಿ. ಇವಳು ನೋಡಿ, ಹಿಂಗೆ ಕಡ್ಡಿ ಥರ ಇದ್ದಾಳೆ, ಒಬ್ಳೇ ಎತ್ತಿ ಕೂರಿಸಿದ್ಲು. ಜಿಮ್ ಮಾಡ್ತಾಳೆ!" ಡಾಕ್ಟರು ನನ್ನನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿ, ಬಿದ್ದ ಪೆಟ್ಟು ಎಂದು ಬರೆದುಕೊಂಡರು. ನಾನು ಬಾಯಿ ಮುಚ್ಚಿಕೊಂಡೆ.

ಭುಜವನ್ನು ಕೂರಿಸಿ ಪಟ್ಟಿ ಕಟ್ಟಿದರು. ಒಂದು ವಾರದ ನಂತರ ನೋವು ಶುರುವಾಯಿತು. ಅದುವರೆಗೆ ಮುಟ್ಟಿದರೂ ಸರಿಯಾಗಿ ತಿಳಿಯದಿದ್ದ ಕೈಯಲ್ಲಿ ಈಗ ನೋವು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಫಿಸಿಯೋ ಬೆರಳುಗಳ ಅಭ್ಯಾಸ ನಿಲ್ಲಿಸಿದ. ಮುಟ್ಟಲು ಬಿಡದ ಕೈ ಊದಿಕೊಂಡಿತು, ಆಮೇಲೆ ಊತ ಇಳಿದು ಬಿಗಿಯಾಯಿತು. ಅಲುಗುತ್ತಿದ್ದ ಮೂರು ಬೆರಳೂ ಒಳಕ್ಕೆ ಮಡಚಿಕೊಂಡು ಹಾಗೇ ನಿಂತವು. ಮೂರು ತಿಂಗಳಾದ ಮೇಲೆ ಅಕ್ಕ ಒಂದು ದಿನ ಕೈಟವೆಲ್ ಕೇಳಿ ಇಸಿದುಕೊಂಡು, ಅದರ ತುದಿಯನ್ನು ಆ ಮುಷ್ಟಿಯೊಳಗೆ ತುರುಕಲು ನೋಡಿದಳು. ಹೋಗಲಿಲ್ಲ. ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಟಿವಿ ನೋಡತೊಡಗಿದಳು.

ಕೋಚ್‌ಗೆ ಮಾತ್ರ ಎಲ್ಲ ಹೇಳಿದೆ. ಒಂದು ಬೆಳಿಗ್ಗೆ ಬ್ಯಾಚ್ ಮುಗಿದು ಎಲ್ಲರೂ ಹೋದ ಮೇಲೆ, ರಬ್ಬರ್ ಹಾಸಿನ ಮೇಲೆ ಕೂತು, ಶುರುವಿನ ಸುಳ್ಳಿನಿಂದ ಹಿಡಿದು ಎಲ್ಲವನ್ನೂ.

"ಮೊದ್ಲೇ ಹೇಳ್ಬಾರ್ದಿತ್ತಾ ಆಂಟಿ?" ಅಂದಳು. "ಜನರನ್ನ ಎತ್ತೋದೇ ಬೇರೆ. ನಮ್ ಅಬ್ಬಾನ ನಾನು ಮೂರ್ ವರ್ಷ ಎತ್ತಿದ್ದೀನಿ. ಸೊಂಟಕ್ಕೆ ಬೆಲ್ಟ್ ಹಾಕ್ಬೇಕು, ಎರಡ್ ಕೈ ಬೇಕು, ಸ್ವಲ್ಪ ಸ್ವಲ್ಪ ಎತ್ತಿ ಇಡಬೇಕು. ಮಧ್ಯ ಮಧ್ಯ ಇಡ್ಲೇಬೇಕು. ಒಂದ್ ದಿನದ ಕೆಲ್ಸ ಇತ್ತು ಆಂಟಿ, ಹೇಳ್ಕೊಡ್ತಿದ್ದೆ."

ಒಂದು ದಿನದ ಕೆಲಸ. ಅವಳು ತನ್ನ ಅಪ್ಪನದ್ದೇ ಆಗಿದ್ದ ಅಗಲ ಬೆಲ್ಟನ್ನು ಮನೆಯಿಂದ ತಂದುಕೊಟ್ಟು, ನನ್ನನ್ನೇ ನೆಲಕ್ಕೆ ಕೂರಿಸಿ ಎತ್ತಿ ತೋರಿಸಿದಳು. ಕಲಿಯಲು ನನಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಜಿಮ್ ಬಿಡುತ್ತೇನೆ ಎಂದು ಮನೆಯಲ್ಲಿ ಎರಡು ಸಲ ಹೇಳಿದೆ. ಅಕ್ಕ ಕೆಂಡವಾದಳು. "ಅದೇ ಅಲ್ವೇನೇ ನನ್ನನ್ನ ಉಳಿಸಿದ್ದು?" ಅಂದಳು. ಹಾಗಾಗಿ ಹೋಗುತ್ತಿದ್ದೇನೆ. ಬೆಲ್ ಮೇಲಕ್ಕೆ ಹೋಗುವಾಗಲೆಲ್ಲ ಅಂಗೈಗೆ ಆ ಸಡಿಲಿಕೆ ನೆನಪಾಗುತ್ತದೆ. ಕೋಚ್ ನನಗೆ ಈಗ "ನಕ್ಕೋ" ಎನ್ನುವುದಿಲ್ಲ. ನಾನು ನಡುವೆ ಇಳಿಸಿದರೆ ಬೇರೆ ಕಡೆ ನೋಡುತ್ತಾಳೆ.

ಭುಜ ಕಳಚಿದ್ದು ಬಿದ್ದಾಗಲ್ಲ, ನಾನು ಎಳೆದಾಗ ಎಂದು ಅಕ್ಕನಿಗೆ ಹೇಳಲು ನಾನು ಲೆಕ್ಕವಿಲ್ಲದಷ್ಟು ಸಲ ಹೊರಟಿದ್ದೇನೆ. ಹೊರಟಾಗಲೆಲ್ಲ ಯಾರಾದರೂ ನೋಡಲು ಬಂದಿರುತ್ತಾರೆ. ಹೊಸ ತಿಪ್ಪಸಂದ್ರದ ಚಿಕ್ಕಮ್ಮ ಬರುತ್ತಾರೆ, ಅಕ್ಕನ ಹಳೆಯ ವಿದ್ಯಾರ್ಥಿನಿಯರು ಬರುತ್ತಾರೆ. ಯಾರಿಗೂ ತೋರಿಸಬೇಡ ಎನ್ನುತ್ತಿದ್ದವಳು ಈಗ ತಾನೇ ಫೋನ್ ಮಾಡಿ ಕರೆಸಿಕೊಳ್ಳುತ್ತಾಳೆ. ಬಂದವರಿಗೆಲ್ಲ ಆ ಭಾನುವಾರದ ಕಥೆಯನ್ನು ಮೊದಲಿನಿಂದ ಹೇಳುತ್ತಾಳೆ. ಪಕ್ಕದ ಮನೆಯಾಕೆ, "ಒಂದ್ ಕೂಗು ಹಾಕಿದ್ರೆ ನಮ್ ಪಸಂಗ ಬರ್ತಿದ್ರಲ್ಲ ಅಕ್ಕಾ," ಎಂದು ಬೇಜಾರು ಮಾಡಿಕೊಂಡಾಗ, "ಯಾಕ್ರೀ ಪಾಪ ಅವರಿಗೆ ತೊಂದ್ರೆ? ನಮ್ಮನೇಲೇ ಇದ್ದಾಳಲ್ಲ ಪೈಲ್ವಾನಿ!" ಎಂದು ಎದೆಯುಬ್ಬಿಸಿದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದು ನನಗೆ ನೆನಪಿಲ್ಲ. ಈಗ ಆಡುತ್ತಿದ್ದಾಳೆ, ಅದನ್ನು ಹೇಗೆ ನಿಲ್ಲಿಸುವುದು? ನಿಲ್ಲಿಸಿದರೆ ಅವಳಿಗೆ ಇನ್ನೇನು ಉಳಿಯುತ್ತದೆ? ಹೀಗೆಲ್ಲ ಯೋಚಿಸುವುದು ಅವಳಿಗಾಗಿಯೋ, ನನ್ನ ಚರ್ಮ ಉಳಿಸಿಕೊಳ್ಳಲೋ, ಅದೂ ನನಗೆ ತಿಳಿಯದು.

ಭಾನುವಾರಗಳಲ್ಲಿ ಈಗಲೂ ನಾನೇ ಸ್ನಾನ ಮಾಡಿಸುತ್ತೇನೆ. ಹಾಲು ಉಕ್ಕಿದರೆ ಉಕ್ಕಲಿ, ಅವಳನ್ನು ಬಿಟ್ಟು ಹೋಗುವುದಿಲ್ಲ. ಮೈ ಒರೆಸಿಯಾದ ಮೇಲೆ ಸೊಂಟಕ್ಕೆ ಬೆಲ್ಟ್ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಸ್ಟೂಲಿನಿಂದ ಕುರ್ಚಿಗೆ ಸ್ವಲ್ಪ ಸ್ವಲ್ಪವಾಗಿ ದಾಟಿಸುತ್ತೇನೆ. ನಿಧಾನದ ಕೆಲಸ. ಅಕ್ಕನಿಗೆ ಅದು ಸೇರುವುದಿಲ್ಲ. ಕಳೆದ ಭಾನುವಾರ ನಾನು ಬೆಲ್ಟಿನ ಬಕಲ್ ಹಾಕುತ್ತಿದ್ದಾಗ ಅದನ್ನು ಪಕ್ಕಕ್ಕೆ ತಳ್ಳಿದಳು.

"ಎಷ್ಟ್ ಹೊತ್ತೇ ಇದು, ಚಳಿಯಾಗ್ತಿದೆ," ಅಂದಳು. "ಸುಮ್ನೆ ಹಿಡ್ಕೊಂಡು ಎಳಿ, ಅವತ್ತು ಎಳೆದ್ಯಲ್ಲ, ಹಂಗೆ."

ಎಡಗೈ ಪಟ್ಟಿಯಲ್ಲಿತ್ತು. ಅವಳು ನನ್ನ ಕಡೆ ಬಲಗೈ ಚಾಚಿದಳು.